ಕವರಿನ ಮೇಲೆ ಬರೆದ ಬೆಲೆ

ಮೊಳಕಾಲ್ಮೂರು
೧೬ ಫೆಬ್ರವರಿ ೨೦೨೫, ಭಾನುವಾರ

ನಮ್ಮ ಪುಷ್ಪಿಗೆ,

ಇಲ್ಲಿ ನಾವು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತ ಬರೆಯುವುದು ವಾಡಿಕೆ. ಹೋದ ವಾರವಷ್ಟೇ ನಿನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ನೋಡಿದ್ದರಿಂದ ಆ ಸಾಲು ಬರೆಯಲು ಕೈ ಬರುತ್ತಿಲ್ಲ. ಬರೀ ಪ್ರೀತಿ ಅಂತ ತಿಳಿದುಕೋ.

ಫೋನಿಗೆ ಮೆಸೇಜು ಹಾಕಿದರೆ ನಿನಗಿಂತ ಮೊದಲು ನಿನ್ನ ಗಂಡ ರವಿಕಿರಣ್ ಓದುತ್ತಾರೆ ಅಂತ ನೀನೇ ಹೇಳಿದ್ದೆ. ಅದಕ್ಕೇ ಈ ಕಾಗದ. ನಿಮ್ಮವ್ವ ಉಚ್ಚಂಗೆಮ್ಮ ಗೌರಸಮುದ್ರದಿಂದ ಸೀರೆಗೆ ಕುಚ್ಚು ಕಟ್ಟಿಸೋಕೆ ಇಲ್ಲಿಗೆ ಬಂದಿದ್ದಾರೆ. ನಾಳೆ ಚಳ್ಳಕೆರೆಗೆ ಬಂದು ನಿನ್ನ ನೋಡಿಕೊಂಡು ಹೋಗ್ತಾರಂತೆ. ಈಗ ಒಳಗೆ ನಮ್ಮಮ್ಮನ ಜೊತೆ ಮಾತಾಡುತ್ತಾ ಕೂತಿದ್ದಾರೆ. ನಾನು ಮಗ್ಗದ ಹತ್ತಿರ ಕೂತು ಬರೀತಿದ್ದೀನಿ. ಇದನ್ನು ಬ್ಲೌಸ್ ಪೀಸಿನ ಒಳಗೆ ಮಡಚಿ ಕೊಡ್ತೀನಿ. ಯಾರೂ ಇಲ್ಲದಾಗ ಬಿಚ್ಚಿ ನೋಡು.

ನಿನಗೆ ಗೊತ್ತಿರೋದನ್ನೇ ಇಲ್ಲಿ ಮತ್ತೆ ಬರೀತೀನಿ, ಬೇಜಾರು ಮಾಡ್ಕೋಬೇಡ. ನಮ್ಮ ಪೆನ್ ಡ್ರೈವುಗಳು ಹೋದವು. ನಾವು ಇಬ್ಬರು ಹಿಂಗೊಂದು ಕೆಲಸ ಮಾಡಿದ್ದೆವು ಅನ್ನೋದು ಒಂದು ಹಾಳೆ ಮೇಲಾದರೂ ಇರಲಿ ಅನ್ನಿಸ್ತು.

ಕಾಲೇಜಿನ ಕೊನೇ ವರ್ಷ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬರೋ ಬಸ್ಸಿನಲ್ಲಿ ನೀನು ಕಂಡಕ್ಟರನ್ನು ಅಣಕಿಸಿ ಪ್ರಾಸ ಕಟ್ಟಿದ್ದು, ನಾನು ಕಿಟಕಿ ಸರಳಿಗೆ ಬಳೆ ಬಡಿದು ತಾಳ ಹಾಕಿದ್ದು, ಅಲ್ಲಿಂದ ಶುರುವಾಯಿತು. ರ‍್ಯಾಪ್ ಅಂದರೆ ಗಂಡುಹುಡುಗರು ಬೈಕಿನ ಮೇಲೆ ಕೂತು ಮಾಡೋದು ಅಂತಿದ್ದ ಕಾಲ. ಈಗಲೂ ಹಂಗೇ ಇದೆ ಬಿಡು. ಅಮಾವಾಸ್ಯೆ ದಿನ ನಮ್ಮ ಬೀದಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಆವತ್ತು ನೀನು ಬರ್ತಿದ್ದೆ. ಹೊರಗಿನ ಸದ್ದು ಬರದ ಹಾಗೆ ಕೌದಿ ಹೊದ್ದುಕೊಂಡು, ಅದರೊಳಗೆ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಮೈಕು ಹಿಡಿದು, ಬೆವರು ಸುರಿಸಿಕೊಂಡು ಹಾಡ್ತಿದ್ದೆವು. ಹೊರಗೆ ಬಂದಾಗ ಇಬ್ಬರ ಕೂದಲೂ ಹಣೆಗೆ ಅಂಟಿಕೊಂಡಿರೋದನ್ನ ನೋಡಿ ಅಮ್ಮ ನಗುತ್ತಿದ್ದಳು.

ಬೆಲೆಯ ಜಗಳ ಆಗಲೇ ಹುಟ್ಟಿತು. ಹಿಂಗೆ ಹಾಡು ಒಟ್ಟು ಮಾಡಿದ ಮಿಕ್ಸ್‌ಟೇಪನ್ನು ಎಲ್ಲಾ ಕಡೆ ಬಿಟ್ಟಿ ಕೊಡ್ತಾರೆ, ಹಿಂದಿನ ತಾಳದ ಬೀಟು ಯಾರದ್ದೋ ಇರುತ್ತೆ, ಅದರ ಮೇಲೆ ನಮ್ಮ ಮಾತು ಕೂರಿಸಿ ದುಡ್ಡು ಕೇಳೋದು ನಾಚಿಕೆಗೇಡು ಅಂತ ನಿನ್ನ ವಾದ. ಹಂಗಾದರೆ ಬೀಟೂ ನಾವೇ ಮಾಡೋಣ ಅಂತ ನಾನಂದೆ. ಮಾರನೇ ದಿನ ಅಮ್ಮನ ಮಗ್ಗದ ಸದ್ದು ಹಿಡಿದೆವು, ಕೊಡಪಾನದ ಸದ್ದು, ಬಾಗಿಲ ಚಿಲಕದ ಸದ್ದು. ನಿಮ್ಮ ಊರಲ್ಲಿ ನಿಮ್ಮ ತಾತ ಕುರಿ ಕರೆಯೋ ಕೂಗನ್ನೂ ಹಿಡಿದು ತಂದೆ ನೀನು. ಕುರಿ ಮೇಯೋ ವರವು ಕಾವಲಿಗೆ ಬೇಲಿ ಹಾಕಿದ್ದರ ಮೇಲೆ ಕಟ್ಟಿದ ಹಾಡಿನಲ್ಲಿ ಆ ಕೂಗು ಎಷ್ಟು ಚೆನ್ನಾಗಿ ಕೂತಿತ್ತು. ಅದಾದ ಮೇಲೂ ನೀನು, ಮೊದಲು ಜನ ಕೇಳಲಿ ರಂಜಿ, ದುಡ್ಡು ಆಮೇಲೆ ಅಂತಲೇ ಹಟ ಹಿಡಿದೆ.

ನಾನು ಯಾಕೆ ಒಪ್ಪಲಿಲ್ಲ ಅಂತ ಆವತ್ತು ಸರಿಯಾಗಿ ಹೇಳಲಿಲ್ಲ. ನಮ್ಮಮ್ಮ ಹುಡುಗಿಯಾಗಿದ್ದಾಗಿನಿಂದ ರೇಷ್ಮೆ ಸೀರೆ ನೇಯ್ತಿದ್ದಾಳೆ. ನೂಲು ಸಾಹುಕಾರರದ್ದು, ಜರಿ ಸಾಹುಕಾರರದ್ದು. ಸೀರೆ ಮಡಚಿ ಕೊಟ್ಟ ಮೇಲೆ ಕೂಲಿ. ಆ ಸೀರೆ ಅಂಗಡಿಯಲ್ಲಿ ಎಷ್ಟಕ್ಕೆ ಹೋಯಿತು ಅಂತ ಅವಳಿಗೆ ಒಂದು ಸಲವೂ ಗೊತ್ತಾಗಿಲ್ಲ, ಕೇಳಿದವಳೂ ಅಲ್ಲ. ನಮ್ಮ ಮನೆಯಲ್ಲಿ ತಾನು ಮಾಡಿದ ವಸ್ತುವಿನ ಮೇಲೆ ತಾನೇ ಬೆಲೆ ಬರೆದವರು ಯಾರೂ ಇಲ್ಲ. ಒಂದೇ ಒಂದು ಸಲ ಬರೀಬೇಕು ಅಂತ ನನಗಿತ್ತು. ಇಷ್ಟೇ ಕಣೇ ನನ್ನ ಹಟ. ದೊಡ್ಡ ವ್ಯಾಪಾರದ ಬುದ್ಧಿ ಏನಲ್ಲ.

ಕಡೆಗೆ ನೀನು ಸೋತೆ. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರೋ ವೀರೇಶ ಪೆನ್ ಡ್ರೈವುಗಳನ್ನು ಒಟ್ಟಿಗೆ ತರಿಸಿಕೊಟ್ಟ. ಟ್ರ್ಯಾಕ್ಟರ್, ಆಟೋ, ಟೆಂಪೋ ಎಲ್ಲದರಲ್ಲೂ ಪೆನ್ ಡ್ರೈವೇ ಹಾಕೋದು, ಹಾಗಾಗಿ ಹೋಗುತ್ತೆ ಅಂತ ಅವನ ಲೆಕ್ಕ. ನೀನು ಬಣ್ಣದ ಪೇಪರಿನಲ್ಲಿ ಕವರು ಮಾಡಿದೆ. ನಾನು ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ಇನ್ನೂರೈವತ್ತು ಅಂತ ಬರೆದು, ಕೆಳಗೆ ನನ್ನ ಫೋನ್ ನಂಬರು ಹಾಕಿದೆ. ಬರೆದದ್ದನ್ನ ನಾನು ಮತ್ತೆ ಮತ್ತೆ ಎತ್ತಿ ಓದ್ತಿದ್ದದ್ದು ನೋಡಿ ನೀನು ನಕ್ಕೆ.

ಆಮೇಲೆ ಆದದ್ದು ನಿನಗೆ ಅರ್ಧ ಗೊತ್ತು. ಮಾರಿದ ಕೆಲವನ್ನು ತಗೊಂಡವರ ಪೈಕಿ ಒಬ್ಬ ಟ್ರ್ಯಾಕ್ಟರ್ ಓಡಿಸೋನಿದ್ದ, ಕಾಮಣ್ಣ ಅಂತ. ಹಾಡು ಹೆಂಗಿದ್ದವು ಅಣ್ಣ ಅಂತ ದಾರಿಯಲ್ಲಿ ಸಿಕ್ಕಾಗ ಕೇಳಿದೆ. ಅವನು ಒಳ್ಳೇ ಮನುಷ್ಯ, ಸುಳ್ಳು ಹೇಳಲಿಲ್ಲ. ಖಾಲಿ ಪೆನ್ ಡ್ರೈವ್ ಅಂಗಡಿಯಲ್ಲಿ ಮುನ್ನೂರರ ಮೇಲೆ ಹೇಳ್ತಾರಮ್ಮ, ನಿಮ್ಮದು ಅಗ್ಗ ಸಿಕ್ತು, ಅಳಿಸಿ ಸಿನಿಮಾ ಹಾಡು ತುಂಬಿಸ್ಕೊಂಡೆ ಅಂದ. ಒಬ್ಬ ಟೆಂಪೋದವನು ಸಿಗಲಿಲ್ಲ, ಉಳಿದವರನ್ನೂ ವಿಚಾರಿಸಿದೆ. ಎಲ್ಲರದ್ದೂ ಅದೇ. ಒಬ್ಬ ಆಟೋದವನು ಮಾತ್ರ ಒಂದೆರಡು ತಿಂಗಳು ಹಾಕಿದ್ದನಂತೆ, ಆಮೇಲೆ ಅವನ ತಮ್ಮ ಮದುವೆ ಫೋಟೋ ತುಂಬೋಕೆ ಅಂತ ಅಳಿಸಿದನಂತೆ. ನಾವು ನಮ್ಮ ಹಾಡಿಗೆ ಬೆಲೆ ಹಾಕಿದ್ದೀವಿ ಅಂದುಕೊಂಡಿದ್ದೆವು ಪುಷ್ಪಿ. ಜನ ಡಬ್ಬಿಗೆ ದುಡ್ಡು ಕೊಟ್ಟು ಒಳಗಿದ್ದದ್ದನ್ನು ಚೆಲ್ಲಿದ್ದರು. ಇದನ್ನ ನಿನಗೆ ನಾನು ಹೇಳಿರಲಿಲ್ಲ. ಆಗ ನಿನ್ನ ಮದುವೆ ಹತ್ತಿರ ಬಂದಿತ್ತು.

ವೀರೇಶನಿಗೆ ಹೇಳಿದರೆ ಅವನು, ಬೆಲೆ ಬಿಡಿ, ಇಪ್ಪತ್ತು ರೂಪಾಯಿಗೆ ಮೆಮರಿ ಕಾರ್ಡ್ ತುಂಬಿಸೋಕೆ ಬರೋರಿಗೆ ಸಿನಿಮಾ ಹಾಡಿನ ನಡುವೆ ನಿಮ್ಮದನ್ನೂ ತುರುಕಿ ಕಳಿಸ್ತೀನಿ ಅಂದ. ಬೇಡ ಅಂದೆ. ನೀನು ಹೇಳಿದ ಹಾಗೆ ಬಿಟ್ಟಿ ಕೊಟ್ಟಿದ್ದರೆ, ಅಥವಾ ಅವನು ಹೇಳಿದ ಹಾಗೆ ತುರುಕಲು ಬಿಟ್ಟಿದ್ದರೆ, ಇಷ್ಟು ಹೊತ್ತಿಗೆ ಯಾರ ಯಾರ ಫೋನಿನಲ್ಲೋ ಇರುತ್ತಿತ್ತು. ಯಾರು ಬಂದರೂ ಅಳಿಸೋಕೆ ಆಗ್ತಿರಲಿಲ್ಲ. ಈಗ ದಿನಾ ಅದೇ ಯೋಚನೆ. ಬೆಂಗಳೂರಿನಿಂದ ಕಾರ್ಯಕ್ರಮಕ್ಕೆ ಕರೆದವರೂ ಬಸ್ ಚಾರ್ಜು ಕೊಡಲ್ಲ, ವೇದಿಕೆ ಕೊಡ್ತೀವಿ ಅಂದಿದ್ದರು. ಅದಕ್ಕೂ ಹೋಗಬೇಡ ಅಂತ ನಿನ್ನನ್ನ ತಡೆದವಳು ನಾನೇ.

ಇಷ್ಟಕ್ಕೆಲ್ಲ ಕಾರಣವಾದ ಆ ಹಾಡಿನ ವಿಷಯಕ್ಕೆ ಬರ್ತೀನಿ. ರವಿಕಿರಣ್ ಮನೆಯವರು ನಿನ್ನ ನೋಡೋಕೆ ಬಂದು ಹೋದ ಮೇಲೆ ನೀನು ಕಟ್ಟಿದ್ದು. ಯಾರ ಹೆಸರನ್ನೂ ಹೇಳಿರಲಿಲ್ಲ ನೀನು.

ಮಂಡಕ್ಕಿ ತಿಂದ್ರು, ಮೆಣಸಿನಕಾಯಿ ಕಚ್ಚಿದ್ರು,
ಕಾಲ್ಬೆರಳಿಂದ ಹಲ್ಲಿನವರ್ಗೂ ಲೆಕ್ಕ ಹಚ್ಚಿದ್ರು.
ಹೊಲ ಕೇಳಿದ್ರು, ದನ ಕೇಳಿದ್ರು, ಬೋರಿನ ನೀರು ಕೇಳಿದ್ರು,
ನನ್ ಹೆಸ್ರು ಕೇಳೋದು ಮರ್ತು ಚಪ್ಪಲಿ ಹಾಕ್ಕೊಂಡು ಎದ್ದೇ ಬಿಟ್ರು.

ರೆಕಾರ್ಡು ಮಾಡಿ ಮುಗಿಸಿ ಕೌದಿಯಿಂದ ಹೊರಗೆ ಬಂದೆವು, ನಿಮ್ಮವ್ವ ಫೋನು ಮಾಡಿ ಗಂಡಿನ ಕಡೆಯವರಿಗೆ ಒಪ್ಪಿಗೆಯಂತೆ ಅಂದರು. ನೀನು ಮೊದಲು ನಕ್ಕೆ. ಆಮೇಲೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತೆ. ಈ ಹಾಡು ತೆಗೆದುಬಿಡೋಣ ಅಂತ ನಾನು ಹೇಳಿದೆ, ನೆನಪಿದೆಯಾ. ಇರಲಿ, ಇದೊಂದು ಅಲ್ಲೇ ಇರಲಿ ಅಂದೆ ನೀನು.

ಮದುವೆಯಾಗಿ ವರ್ಷ ಕಳೀತು. ನಿನ್ನ ಗಂಡನ ನೆಂಟರ ಮನೆ ಗೃಹಪ್ರವೇಶಕ್ಕೆ ಸಾಮಾನು ತಂದ, ನನಗೆ ಸಿಗದೇ ಹೋಗಿದ್ದ ಆ ಟೆಂಪೋದಲ್ಲಿ ಆ ಹಾಡು ಹಾಕಿದ್ದರಂತೆ. ಯಾರೋ ಇದು ನಿಮ್ಮ ಸೊಸೆ ದನಿ ಅಲ್ವಾ ಅಂದರಂತೆ, ರವಿಕಿರಣ್ ಸ್ನೇಹಿತರು ಬೋರಿನ ನೀರಿನ ಸಾಲು ಬಂದಾಗ ನಿಮ್ಮ ಮಾವನವರ ಮುಖ ನೋಡಿ ನಕ್ಕರಂತೆ. ಇದನ್ನೆಲ್ಲ ನನಗೆ ಹೇಳಿದವನು ವೀರೇಶ. ಅವನ ಅಂಗಡಿ ಇರೋ ಬಿಲ್ಡಿಂಗು ನಿಮ್ಮ ಮಾವನವರದ್ದು ಅಂತ ನಮಗೆ ಮೊದಲೇ ಗೊತ್ತಿರಬೇಕಾಗಿತ್ತು. ಅವರು ಬಂದು ಎದುರಿಗೆ ನಿಂತಾಗ ಅವನು ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿದ. ಟೆಂಪೋದವನದ್ದನ್ನೂ ಅಲ್ಲೇ ತಗೊಂಡರು. ವೀರೇಶ ನನ್ನ ಹತ್ತಿರ ಫೋನಿನಲ್ಲಿ, ಅಂಗಡಿ ಖಾಲಿ ಮಾಡು ಅಂದರೆ ಎಲ್ಲಿಗೆ ಹೋಗಲಿ ರಂಜಿತಾ ಅಂದ. ನಾನು ಅವನ ಮೇಲೆ ಕೋಪ ಮಾಡ್ಕೊಳ್ಳಲಿಲ್ಲ. ನಾವು ಯೂಟ್ಯೂಬಿಗೆ ಹಾಕಿದ್ದ ಎರಡು ಹಾಡು ಅಷ್ಟರಲ್ಲಿ ಕಾಣೆಯಾಗಿದ್ದವು. ಚಾನೆಲ್ಲು ನಿನ್ನ ಫೋನಿನಲ್ಲಿ ಇತ್ತಲ್ಲ, ಯಾರು ತೆಗೆದರು ಅಂತ ಕೇಳೋಕೆ ಹೋಗಲಿಲ್ಲ.

ಆಮೇಲೆ ನಮ್ಮ ಬೀದಿಗೆ ಬಿಳೀ ಕಾರು ಬಂತು. ಮಧ್ಯಾಹ್ನ, ಮಗ್ಗಗಳು ಆಡ್ತಿದ್ದವು, ಎಲ್ಲರೂ ಬಾಗಿಲಿಗೆ ಬಂದು ನೋಡಿದರು. ನಿಮ್ಮ ಮಾವ ಮೂಡಲಗಿರಿಯಪ್ಪನವರು ಜಗಳ ಮಾಡೋಕೆ ಬಂದಿದ್ದಾರೆ ಅಂತ ನಾನು ಎದೆ ಗಟ್ಟಿ ಮಾಡಿಕೊಂಡು ನಿಂತೆ. ಅವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಅಮ್ಮ ನೇಯ್ತಿದ್ದ ಸೀರೆ ಮುಟ್ಟಿ ನೋಡಿ, ಸೆರಗು ಭಾಳ ಚೆನ್ನಾಗಿ ಬಂದೈತಮ್ಮ ಅಂದರು. ನೀರು ಕೇಳಿ ಕುಡಿದರು. ನಿನ್ನ ಹಾಡನ್ನು ತಾವೂ ಕೇಳಿದ್ದಾಗಿ, ದನಿ ಚೆನ್ನಾಗಿರೋದರಿಂದಲೇ ಇಷ್ಟು ದೂರ ಬಂದದ್ದಾಗಿ ಹೇಳಿದರು. ಮನೆ ಸೊಸೆಯ ದನಿ ಟೆಂಪೋದಲ್ಲಿ, ಬಾರಿನ ಮುಂದೆ ಕೇಳಬಾರದು, ಅವರಿಗೆ ಬೇಕಾಗಿರೋದು ಇಷ್ಟೇ. ಬೈದಿದ್ದರೆ ನಾನೂ ಬೈತಿದ್ದೆ. ಅಷ್ಟು ಮೆತ್ತಗೆ ಮಾತಾಡೋರಿಗೆ ಕೂತ್ಕೊಳ್ಳಿ ಅಂತ ಚಾಪೆ ಹಾಸಿದೆ.

ಕಡೆಗೆ ಅವರು, "ನಾನು ಬಿಟ್ಟಿ ಕೇಳಾಕೆ ಬಂದಿಲ್ಲ. ನೀನು ಮಾಡಿದ ವಸ್ತು, ನೀನೇ ಬೆಲೆ ಹೇಳು" ಅಂದರು.

ಪುಷ್ಪಿ, ಆ ಮಾತನ್ನು ನನಗೆ ಇಷ್ಟು ದಿನದಲ್ಲಿ ಇನ್ನೊಬ್ಬರು ಯಾರೂ ಹೇಳಿರಲಿಲ್ಲ. ಕಾರ್ಯಕ್ರಮಕ್ಕೆ ಕರೆದವರು ಹೇಳಲಿಲ್ಲ, ಕಾಲೇಜಿನಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟವರು ಹೇಳಲಿಲ್ಲ. ನಮ್ಮ ಹಾಡು ಯಾರ ಕಿವಿಗೂ ಬೀಳಬಾರದು ಅನ್ನೋ ಮನುಷ್ಯನ ಬಾಯಲ್ಲಿ ಕೇಳಿದೆ. ಒಂದು ಗಳಿಗೆ ನನಗೆ ಒಳಗೊಳಗೇ ಹೆಮ್ಮೆ ಆಯಿತು. ಆ ಹೆಮ್ಮೆ ನೆನೆಸಿಕೊಂಡರೆ ಈಗ ಮೈ ಮೇಲೆ ಮುಳ್ಳು ಏಳುತ್ತೆ.

ನಿನ್ನ ಕೇಳದೆ ಕೊಡಲ್ಲ ಅಂದೆ. ಕಾರಿನಲ್ಲಿದ್ದಾಳೆ, ಹೋಗಿ ಕೇಳು ಅಂದರು. ಅಲ್ಲಿಯವರೆಗೂ ನೀನು ಬಂದಿದ್ದೀಯ ಅಂತಲೇ ನನಗೆ ಗೊತ್ತಿರಲಿಲ್ಲ. ರವಿಕಿರಣ್ ಸ್ಟೇರಿಂಗ್ ಹಿಡಿದುಕೊಂಡು ಮುಂದೆ ನೋಡ್ತಿದ್ದರು. ಗಾಜು ಇಳಿಸಿದೆ ನೀನು. ಸಣ್ಣಗಾಗಿದ್ದೀಯ. ಮಾತಾಡೋಕೆ ಅಂತ ಎಷ್ಟೋ ಇತ್ತು, ನಾನು ಬರೀ, ಏನು ಮಾಡಲಿ ಅಂತ ಕೇಳಿದೆ.

"ಕೊಟ್ಟುಬಿಡು ರಂಜಿ. ನಾನು ಅಲ್ಲಿ ಇರಬೇಕಲ್ಲ" ಅಂದೆ ನೀನು.

ಅಷ್ಟೇ. ಗಾಜು ಏರಿತು. ನೀನು ಏರಿಸಿದೆಯೋ ಅವರು ಏರಿಸಿದರೋ ಗೊತ್ತಿಲ್ಲ.

ಒಳಗೆ ಬಂದು, ಹೆಚ್ಚು ಹೇಳಿದರೆ ಎದ್ದು ಹೋಗ್ತಾರೆ ಅಂತ ಒಂದೊಂದಕ್ಕೂ ಕವರಿನ ಮೇಲಿದ್ದ ಬೆಲೆಯ ಎರಡರಷ್ಟು ಹೇಳಿದೆ. ಅವರು ಚೌಕಾಸಿ ಮಾಡಲಿಲ್ಲ. ಸೀರೆ ಪೆಟ್ಟಿಗೆಯಲ್ಲಿ ಇಟ್ಟಿದ್ದ ಪೆನ್ ಡ್ರೈವುಗಳನ್ನೆಲ್ಲ ಅಮ್ಮ ತಂದು ಚಾಪೆ ಮೇಲೆ ಸುರಿದಳು. ಅವರು ಒಂದೊಂದೇ ಎತ್ತಿ ಕವರು ಓದಿ ಚೀಲಕ್ಕೆ ಹಾಕಿಕೊಂಡರು. ಕವರು ಯಾರು ಮಾಡಿದ್ದು ಅಂತ ಕೇಳಿದರು. ನಿಮ್ಮ ಸೊಸೆಯೇ ಅಂದೆ. ಆ ಒಂದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು, ಆಮೇಲೆ ಅದನ್ನೂ ಹಾಕಿಕೊಂಡರು. ಅವರು ಹೊರಗೆ ಬರೋದು ತಡವಾದದ್ದಕ್ಕೆ ನೀನು ಏನೇನೋ ಅಂದುಕೊಂಡಿರಬಹುದು. ಅಮ್ಮ ಕಾಫಿ ಮಾಡಿದ್ದಳು ಅಂದುಕೋ.

ಅವರು ಹೋದ ಮೇಲೆ ಅಮ್ಮ ನನ್ನ ಮುಖ ನೋಡಿ, "ಅಮ್ಮೇಸಿನಾವಾ?" ಅಂದಳು. ಮಾರಿಬಿಟ್ಟೆಯಾ ಅಂತ. ಅವಳು ಸೀರೆ ಕೊಟ್ಟು ಬಂದ ದಿನ ಅಪ್ಪ ನಮ್ಮ ಮನೆಮಾತು ತೆಲುಗಿನಲ್ಲಿ ಅವಳನ್ನು ಕೇಳ್ತಿದ್ದ ಮಾತು ಅದು. ಹೂಂ ಅಂದೆ. ಎಷ್ಟಕ್ಕೆ ಅಂತ ಅವಳು ಕೇಳಲಿಲ್ಲ. ಮಗ್ಗಕ್ಕೆ ಇಳಿದಳು.

ನಿನ್ನ ಅರ್ಧ ಪಾಲು ದೇವರ ಗೂಡಿನಲ್ಲಿ ಇಟ್ಟಿದ್ದೀನಿ. ನಿಮ್ಮವ್ವನ ಕೈಲಿ ಕಳಿಸೋಣ ಅಂತ ಎದ್ದೆ. ಆ ಮನೆಯ ದುಡ್ಡು ಆ ಮನೆಗೇ ಬಂದರೆ ನೀನು ಎಲ್ಲಿ ಇಡ್ತೀಯ, ಏನು ಅಂತ ಹೇಳ್ತೀಯ. ಹಾಗಾಗಿ ಇಲ್ಲೇ ಇರುತ್ತೆ. ನನ್ನ ಪಾಲಿನಿಂದ ವೀರೇಶನಿಗೆ ಪೆನ್ ಡ್ರೈವಿನ ಬಾಕಿ ತೀರಿಸಿದೆ. ಮೈಕು ಮಾರಿದೆ. ಹೋದ ಸೋಮವಾರದಿಂದ ಅಮ್ಮನ ಪಕ್ಕದ ಮಗ್ಗಕ್ಕೆ ಕೂರ್ತಿದ್ದೀನಿ. ಕೈ ಇನ್ನೂ ಒಗ್ಗಿಲ್ಲ. ಎಳೆ ಕಡಿಯುತ್ತೆ, ಅಮ್ಮ ಬಂದು ಗಂಟು ಹಾಕಿ ಕೊಡ್ತಾಳೆ. ಮೊದಲ ಎರಡು ದಿನ ಆ ಸದ್ದಿಗೆ ಮಾತು ತಾನಾಗಿ ಬಾಯಿಗೆ ಬರ್ತಿತ್ತು. ಈಗ ನಾಲ್ಕೈದು ದಿನದಿಂದ ಬರ್ತಿಲ್ಲ. ಒಳ್ಳೇದೇ ಆಯ್ತು ಅಂದುಕೊಂಡಿದ್ದೀನಿ.

ನಿನಗೆ ನಾನು ಸಮಾಧಾನ ಹೇಳಲಾರೆ. ಎಲ್ಲಾ ಸರಿಹೋಗುತ್ತೆ ಅಂತ ಬರೆದರೆ ನೀನೇ ನಗ್ತೀಯ. ನೀನು ಕಾರಿನಲ್ಲಿ ಹೇಳಿದ ಮಾತು ತಪ್ಪಲ್ಲ, ನಿನ್ನ ಮೇಲೆ ನನಗೆ ಕೋಪ ಇಲ್ಲ, ಇಷ್ಟು ತಿಳಿದುಕೋ. ನೀನು ಅಲ್ಲಿ ಇರಬೇಕು. ನಾನು ಇಲ್ಲಿ ಇರಬೇಕು. ಮಧ್ಯದಲ್ಲಿ ಒಂದು ಕಡೆ ನಾವಿಬ್ಬರೂ ಇದ್ದೆವು, ಅದು ಈಗ ಇಲ್ಲ. ಊಟ ಸರಿಯಾಗಿ ಮಾಡು. ನಿಮ್ಮವ್ವ ಹೊರಡೋಕೆ ಎದ್ದರು, ಕುಚ್ಚು ಕಟ್ಟಿದ ಸೀರೆ ಮಡಚ್ತಿದ್ದಾರೆ.

ಬಸ್ಸಿನ ಕಿಟಕಿ ಪಕ್ಕದವಳು,
ನಿನ್ನ ರಂಜಿ

ಮರೆತ ಮಾತು: ಮರೆತದ್ದಲ್ಲ, ಬರೆಯೋಕೆ ಆಗಿರಲಿಲ್ಲ. ನಿನ್ನೆ ರಾಂಪುರದಿಂದ ಒಬ್ಬ ಹುಡುಗಿ ಫೋನು ಮಾಡಿದ್ದಳು. ಹಿಂದೆ ಆ ಆಟೋದಲ್ಲಿ ನಮ್ಮ ಹಾಡು ಕೇಳಿದ್ದಳಂತೆ, ಆಟೋದವನ ಹತ್ತಿರ ಕವರು ಇಸ್ಕೊಂಡು ನಂಬರು ಹುಡುಕಿದ್ದಳಂತೆ. ಅವಳನ್ನು ನೋಡೋಕೆ ಮುಂದಿನ ವಾರ ಗಂಡಿನ ಕಡೆಯವರು ಬರ್ತಾರೆ. ಮೆಣಸಿನಕಾಯಿ ಹಾಡು ಒಂದೇ ಸಾಕು, ಎಷ್ಟಾದರೂ ಕೊಡ್ತೀನಿ ಅಕ್ಕ ಅಂದಳು. ಅದು ಈಗ ನನ್ನ ಹತ್ತಿರ ಇಲ್ಲ ಅಂದೆ. ನಮ್ಮ ಹಾಡು ನನ್ನ ಲ್ಯಾಪ್‌ಟಾಪಿನಲ್ಲಾದರೂ ಇರುತ್ತೆ ಅಂತ ನೀನು ನಂಬಿಕೊಂಡಿದ್ದೀಯ, ನನಗೆ ಗೊತ್ತು. ಅವತ್ತು ಒಳಗೆ ಯಾರೂ ಕಾಫಿ ಕುಡಿಯಲಿಲ್ಲ ಪುಷ್ಪಿ. ನಿಮ್ಮ ಮಾವ ಅದಕ್ಕೂ ಬೆಲೆ ಕೇಳಿದರು, ನಾನು ಹೇಳಿದೆ, ಅವರ ಎದುರಿಗೇ ಅಳಿಸಿದೆ. ನನ್ನ ಸಾಲುಗಳನ್ನು ನೆನಪಿನಿಂದ ಬರೆದುಕೊಂಡಿದ್ದೀನಿ. ನಿನ್ನವು ಮೇಲೆ ಬರೆದ ಆ ನಾಲ್ಕು ಸಾಲು ಬಿಟ್ಟರೆ ಒಂದೂ ಬರ್ತಿಲ್ಲ.